ಹೆಜ್ಜೆಗಿಂತ ಮೊದಲು ಪಾಥೇಯ: ಕಾಲ್ನಡಿಗೆಯ ಹಜ್ಜ್ ಚರಿತ್ರೆಯ ಪಾಠಗಳು

ಪವಿತ್ರ ಕಅಬಾಲಯದ ಗೋಡೆಗಳನ್ನು ಎತ್ತಿ ನಿಲ್ಲಿಸಿದ ಪ್ರವಾದಿ ಇಬ್ರಾಹೀಮ್(ಅ)ರಿಗೆ, ಹಜ್ಜ್‌ಗಾಗಿ ಜನರನ್ನು ಕರೆಯಬೇಕೆಂದು ಅಲ್ಲಾಹನು ಆಜ್ಞಾಪಿಸಿದನು. ಆ ಕರೆಗೆ ಓಗೊಟ್ಟು ಬರುವವರ ಬಗ್ಗೆ ಹೇಳುವಾಗ ಸೂರಃ ಅಲ್ ಹಜ್ಜ್‌ನ 27ನೇ ಸೂಕ್ತವು ಕಾಲ್ನಡಿಗೆಯಲ್ಲಿ ಬರುವವರನ್ನು ಮೊದಲು ಹೆಸರಿಸುತ್ತದೆ. ದೂರದ ದಾರಿ ಸವೆಸಿ ಬಡಕಲಾದ ಒಂಟೆಗಳ ಮೇಲೆ ಬರುವವರು ಆ ಬಳಿಕ ಬರುತ್ತಾರೆ. ಈ ಕ್ರಮವನ್ನು ಕಂಡು ನಡಿಗೆಯ ಹಜ್ಜ್‌ಗಾಗಿ ಹಂಬಲಿಸಿದ ಪೂರ್ವಿಕರಿದ್ದರು. ಯೌವನದಲ್ಲಿ ನಡೆದು ಹಜ್ಜ್ ನಿರ್ವಹಿಸಲಿಲ್ಲವಲ್ಲ ಎಂದು ಹಝ್ರತ್ ಇಬ್ನ್ ಅಬ್ಬಾಸ್(ರ) ಪರಿತಪಿಸಿದರೆಂಬ ವರದಿಯನ್ನು ಕುರ್‌ಆನ್ ವ್ಯಾಖ್ಯಾನಕಾರರು ಉದ್ಧರಿಸಿದ್ದಾರೆ.

ಈ ಹಂಬಲ ಇಂದಿಗೂ ಆರಿಲ್ಲ. 2022ರ ಜೂನ್ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಯುವಕನೊಬ್ಬ ಮಕ್ಕಾದತ್ತ ನಡೆದು ಹೊರಟು ನಮ್ಮ ಕರಾವಳಿಯ ಹೆದ್ದಾರಿಯಲ್ಲಿ ಹಾದುಹೋದಾಗ, ಆತನನ್ನು ನೋಡಲು ಜನರು ರಸ್ತೆಯ ಇಕ್ಕೆಲಗಳಲ್ಲಿ ನೆರೆದಿದ್ದರು. ತಾವೂ ಹೀಗೆ ಹೊರಟರೆ ಹೇಗೆ ಎಂಬ ಆಸೆ ಯುವಮನಸ್ಸುಗಳಲ್ಲಿ ಮೂಡುವುದು ಸಹಜ. ಅದನ್ನು ಹುಚ್ಚುತನವೆಂದು ತಳ್ಳಿಹಾಕುವುದೂ ಸರಿಯಲ್ಲ, ಪವಾಡವೆಂದು ಕೊಂಡಾಡುವುದೂ ಸರಿಯಲ್ಲ. ಇಂತಹ ಯಾತ್ರೆಗೆ ಮೊದಲ ಬಾರಿ ಹೊರಡುವವನು ಹೇಗೆ ಸಿದ್ಧನಾಗಬೇಕೆಂಬ ಪ್ರಶ್ನೆಗೆ ನಮ್ಮ ಚರಿತ್ರೆಯಲ್ಲಿ ಸಾವಿರ ವರ್ಷಗಳಿಗೂ ಮೀರಿದ ಉತ್ತರಗಳಿವೆ. ಅವುಗಳನ್ನು ಒಮ್ಮೆ ತೆರೆದು ನೋಡೋಣ.

ಬುತ್ತಿಯಿಲ್ಲದೆ ಹೊರಟವರು

ಹಝ್ರತ್ ಇಬ್ನ್ ಅಬ್ಬಾಸ್(ರ)ರಿಂದ ವರದಿಯಾಗಿ ಸಹೀಹ್ ಬುಖಾರಿಯಲ್ಲಿ ಸ್ಥಾನ ಪಡೆದ ಒಂದು ಹದೀಸ್ ಹೀಗೆ ತಿಳಿಸುತ್ತದೆ: ಯಮನಿನ ಕೆಲವರು ಹಜ್ಜ್‌ಗೆ ಬರುವಾಗ ಪ್ರಯಾಣಕ್ಕೆ ಬೇಕಾದ ಆಹಾರವನ್ನು ತರುತ್ತಿರಲಿಲ್ಲ. ತಾವು ಅಲ್ಲಾಹನ ಮೇಲೆ ಭರವಸೆಯಿಟ್ಟವರು ಎಂಬುದು ಅವರ ಸಮರ್ಥನೆಯಾಗಿತ್ತು. ಆದರೆ ಮಕ್ಕಾ ತಲಪಿದೊಡನೆ ಅವರು ಜನರ ಮುಂದೆ ಕೈಚಾಚುತ್ತಿದ್ದರು. ಆಗ ಸೂರಃ ಅಲ್ ಬಕರದ 197ನೇ ಸೂಕ್ತವು ಅವತೀರ್ಣವಾಯಿತು. ಪಾಥೇಯವನ್ನು ಜೊತೆಗೆ ಒಯ್ಯಬೇಕೆಂದು ಆಜ್ಞಾಪಿಸುವ ಆ ಸೂಕ್ತವು, ಪಾಥೇಯಗಳಲ್ಲೆಲ್ಲ ಶ್ರೇಷ್ಠವಾದುದು ತಕ್ವಾ ಎಂದೂ ಕಲಿಸುತ್ತದೆ.

ಈ ಎರಡು ಮಾತುಗಳು ಒಂದೇ ಸೂಕ್ತದಲ್ಲಿ ಜೊತೆಯಾಗಿ ಬಂದಿರುವುದನ್ನು ನಾವು ಗಮನಿಸಬೇಕು. ತಕ್ವಾ ಇದೆಯೆಂದು ಬುತ್ತಿಯನ್ನು ಬಿಡುವಂತಿಲ್ಲ. ಬುತ್ತಿ ಇದೆಯೆಂದು ತಕ್ವಾವನ್ನು ಮರೆಯುವಂತಿಲ್ಲ. ತನ್ನ ಹೊರೆಯನ್ನು ಇತರರ ಹೆಗಲಿಗೆ ದಾಟಿಸಿ ಅದನ್ನು ತವಕ್ಕುಲ್ ಎಂದು ಕರೆಯುವುದಕ್ಕೆ ಇಸ್ಲಾಮ್ ಸಮ್ಮತಿಸುವುದಿಲ್ಲ.

ಪ್ರವಾದಿ(ಸ) ತಡೆದ ನಡಿಗೆ

ಹಿಜರಿ 10ರ ವಿದಾಯ ಹಜ್ಜ್‌ನಲ್ಲಿ ಪ್ರವಾದಿ ಮುಹಮ್ಮದ್(ಸ) ತಮ್ಮ ಕಸ್ವಾ ಎಂಬ ಒಂಟೆಯನ್ನೇರಿ ಮದೀನಾದಿಂದ ಹೊರಟರು. ಕಣ್ಣು ಹಾಯುವಷ್ಟು ದೂರವೂ ಸವಾರರು ಮತ್ತು ಪಾದಚಾರಿಗಳು ತುಂಬಿದ್ದರೆಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ಅಂದರೆ ಪ್ರವಾದಿ(ಸ)ರ ಸಂಗಡವೇ ನಡೆದವರೂ ಇದ್ದರು, ಯಾರೂ ಅವರನ್ನು ತಡೆಯಲಿಲ್ಲ.

ಆದರೆ ಅವರು ತಡೆದ ಸಂದರ್ಭಗಳೂ ಇವೆ. ಒಮ್ಮೆ ಮುದುಕರೊಬ್ಬರು ತಮ್ಮ ಇಬ್ಬರು ಮಕ್ಕಳ ಹೆಗಲಿಗೆ ಆತು ಕಾಲೆಳೆಯುತ್ತಾ ಸಾಗುತ್ತಿದ್ದರು. ವಿಚಾರಿಸಿದಾಗ, ನಡೆದೇ ಹೋಗುವುದಾಗಿ ಅವರು ಹರಕೆ ಹೊತ್ತಿದ್ದಾರೆಂದು ತಿಳಿಯಿತು. ಈ ವ್ಯಕ್ತಿ ತನ್ನನ್ನು ತಾನೇ ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಿಲ್ಲವೆಂದು ತಿಳಿಸಿದ ಪ್ರವಾದಿ(ಸ), ವಾಹನವೇರುವಂತೆ ಅವರಿಗೆ ಆದೇಶಿಸಿದರು. ಹಝ್ರತ್ ಉಕ್ಬಾ ಬಿನ್ ಆಮಿರ್(ರ)ರ ಸಹೋದರಿಯೂ ಇಂತಹುದೇ ಹರಕೆ ಹೊತ್ತಾಗ, ಆಕೆ ನಡೆಯಲೂಬಹುದು, ಸವಾರಿಯನ್ನೂ ಮಾಡಲಿ ಎಂಬುದು ಪ್ರವಾದಿ(ಸ)ರ ತೀರ್ಪಾಗಿತ್ತು. ಹರಕೆಯ ಉತ್ಸಾಹಕ್ಕಿಂತ ದೇಹದ ಹಕ್ಕು ಮಿಗಿಲೆಂಬುದು ಈ ಘಟನೆಗಳಿಂದ ಸ್ಪಷ್ಟವಾಗುತ್ತದೆ.

ಇಮಾಮರುಗಳ ಚರ್ಚೆಯೂ ಇದೇ ಜಾಡಿನಲ್ಲಿ ಸಾಗಿದೆ. ಸಾಮರ್ಥ್ಯವುಳ್ಳವನಿಗೆ ಮಾತ್ರ ಹಜ್ಜ್ ಕಡ್ಡಾಯ. ಈ ಸಾಮರ್ಥ್ಯವೆಂದರೇನು? ದೂರದೂರಿನವರ ಮಟ್ಟಿಗೆ ಪಾಥೇಯ ಮತ್ತು ವಾಹನ ಎರಡೂ ಇರಬೇಕೆಂದು ಹನಫಿ, ಶಾಫಿಈ ಮತ್ತು ಹಂಬಲಿ ವಿದ್ವಾಂಸರು ಹೇಳಿದರು. ನಡೆಯುವ ಶಕ್ತಿಯುಳ್ಳವನಿಗೆ ವಾಹನವಿಲ್ಲದಿದ್ದರೂ ಹಜ್ಜ್ ಕಡ್ಡಾಯವಾಗಬಹುದು ಎಂಬುದು ಮಾಲಿಕೀ ವಿದ್ವಾಂಸರ ನಿಲುವು. ಭಿನ್ನಾಭಿಪ್ರಾಯವಿದ್ದರೂ, ದಾರಿಯ ಸುರಕ್ಷತೆಯನ್ನು ಮತ್ತು ಮನೆಮಂದಿಯ ನಿರ್ವಹಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮದ್‌ಹಬ್ ಇಲ್ಲ.

ಇಮಾಮ್ ಗಝ್ಝಾಲಿಯವರ ಸಿದ್ಧತೆಯ ಪಟ್ಟಿ

ಇಮಾಮ್ ಗಝ್ಝಾಲಿ(ರಹ್) ಕ್ರಿ.ಶ. 1095ರಲ್ಲಿ ಬಗ್ದಾದಿನ ಅಧ್ಯಾಪಕ ಪೀಠವನ್ನು ತೊರೆದು ಹೊರಟವರು. ಅವರ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಹಜ್ಜ್‌ನ ರಹಸ್ಯಗಳಿಗೆ ಮೀಸಲಾದ ಭಾಗವೊಂದಿದೆ. ಯಾತ್ರಿಕನು ಮನೆಯ ಹೊಸ್ತಿಲು ದಾಟುವ ಮೊದಲು ಮಾಡಬೇಕಾದ ಕೆಲಸಗಳನ್ನು ಅಲ್ಲಿ ಅವರು ಒಂದೊಂದಾಗಿ ಹೇಳುತ್ತಾರೆ. ತೌಬಾ ಮಾಡಬೇಕು. ಅನ್ಯಾಯವಾಗಿ ಪಡೆದುದನ್ನು ಹಿಂದಿರುಗಿಸಬೇಕು. ಸಾಲ ತೀರಿಸಬೇಕು. ತನ್ನಲ್ಲಿ ಇರಿಸಿದ ಅಮಾನತ್ತುಗಳನ್ನು ಒಡೆಯರಿಗೆ ಒಪ್ಪಿಸಬೇಕು. ತಾನು ಮರಳಿ ಬರುವವರೆಗೆ ಮನೆಯವರ ಖರ್ಚಿಗೆ ಸಾಲುವಷ್ಟನ್ನು ಇಟ್ಟು ಹೋಗಬೇಕು. ಹಲಾಲಾದ ಸಂಪಾದನೆಯಿಂದ ಹೋಗಿ ಬರುವ ವೆಚ್ಚವನ್ನು, ದಾರಿಯಲ್ಲಿ ದುರ್ಬಲರಿಗೂ ಒಂದಿಷ್ಟು ನೀಡಬಹುದಾದಷ್ಟು ಕೈಸಡಿಲವಾಗಿ, ಒಯ್ಯಬೇಕು. ಮರೆತಾಗ ನೆನಪಿಸುವ, ಎಡವಿದಾಗ ಕೈಹಿಡಿಯುವ ಸಜ್ಜನ ಸಂಗಾತಿಯನ್ನು ಹುಡುಕಿಕೊಳ್ಳಬೇಕು.

ಈ ಪಟ್ಟಿಯಲ್ಲಿ ಪಾದರಕ್ಷೆಗಿಂತ ಎಷ್ಟೋ ಮೊದಲು ಸಾಲಗಾರನೂ ಹೆಂಡತಿ ಮಕ್ಕಳೂ ಬರುತ್ತಾರೆ! ನಡಿಗೆ ಉತ್ತಮವೋ ಸವಾರಿ ಉತ್ತಮವೋ ಎಂಬ ಪ್ರಶ್ನೆಯನ್ನೂ ಇಮಾಮರು ಎತ್ತಿಕೊಂಡಿದ್ದಾರೆ. ನಡಿಗೆ ಸುಲಭವಾಗಿರುವವನಿಗೆ ಅದೇ ಶ್ರೇಷ್ಠ. ಆದರೆ ನಡಿಗೆಯಿಂದ ಬಳಲಿ, ಸ್ವಭಾವ ಕೆಟ್ಟು, ಕರ್ಮಗಳಲ್ಲಿ ಕೊರತೆಯಾಗುವುದಾದರೆ ಸವಾರಿಯೇ ಶ್ರೇಷ್ಠ ಎಂಬುದು ಅವರ ಅಭಿಪ್ರಾಯದ ಸಾರ. ದಣಿದ ಯಾತ್ರಿಕನು ಸಹಯಾತ್ರಿಕನ ಮೇಲೆ ಸಿಡುಕುವುದಾದರೆ, ಸವೆಸಿದ ದಾರಿಯ ಉದ್ದದಿಂದ ಆತನಿಗೆ ಸಿಗುವ ಲಾಭವೇನು?

ದರ್ಬ್ ಝುಬೈದಾ: ನೀರು ಕೊಟ್ಟ ದಾರಿ

ಯಾತ್ರಿಕನ ಸಿದ್ಧತೆ ಒಂದು ಕಡೆಯಾದರೆ, ಯಾತ್ರಿಕನಿಗಾಗಿ ಸಮುದಾಯ ಮಾಡಿದ ಸಿದ್ಧತೆ ಇನ್ನೊಂದು ಕಡೆ. ಇರಾಕಿನ ಕೂಫಾದಿಂದ ಮಕ್ಕಾದವರೆಗೆ ಸುಮಾರು 1400 ಕಿಲೋಮೀಟರ್ ಉದ್ದದ ಮರುಭೂಮಿಯ ಹಾದಿ ಇದಕ್ಕೆ ಅತ್ಯುತ್ತಮ ಉದಾಹರಣೆ. ಅಬ್ಬಾಸಿ ಖಲೀಫರಲ್ಲಿ ಮೊದಲಿಗರಾದ ಸಫ್ಫಾಹ್‌ರ ಕಾಲದಲ್ಲಿಯೇ ಇಲ್ಲಿ ಮೈಲುಗಲ್ಲುಗಳನ್ನು ನಿಲ್ಲಿಸಲಾಗಿತ್ತು. ಖಲೀಫಾ ಮಹ್ದಿಯವರ ಕಾಲದಲ್ಲಿ ತಂಗುದಾಣಗಳೂ ನೀರಿನ ಕೊಳಗಳೂ ಹೆಚ್ಚಿದವು. ಆದರೆ ಈ ದಾರಿ ಶಾಶ್ವತವಾಗಿ ಪಡೆದ ಹೆಸರು ಹಾರೂನ್ ರಶೀದರ ಪತ್ನಿ ಝುಬೈದಾರದು.

ಝುಬೈದಾ ಹಜ್ಜ್‌ಗೆ ತೆರಳಿದ ದಿನಗಳಲ್ಲಿ ಮಕ್ಕಾದಲ್ಲಿ ಒಂದು ತೊಗಲು ಚೀಲದ ನೀರಿಗೆ ಒಂದು ದೀನಾರ್ ತೆರಬೇಕಾಗುತ್ತಿತ್ತೆಂದು ಚರಿತ್ರೆಕಾರರು ಬರೆದಿದ್ದಾರೆ. ಅವರು ಬೆಟ್ಟಗಳನ್ನು ಕೊರೆಯಿಸಿ ಮಕ್ಕಾಕ್ಕೆ ನೀರು ಹರಿಸಿದರು. 'ಐನ್ ಝುಬೈದಾ' ಎಂಬ ಆ ಕಾಲುವೆ ಮತ್ತೆ ಮತ್ತೆ ದುರಸ್ತಿಗೊಂಡು ಶತಮಾನಗಳ ಕಾಲ ಹಾಜಿಗಳ ದಾಹ ತಣಿಸಿತು. ಕೂಫಾದ ದಾರಿಯುದ್ದಕ್ಕೂ ಅವರು ಬಾವಿ, ಕೊಳ ಮತ್ತು ತಂಗುದಾಣಗಳನ್ನು ಕಟ್ಟಿಸಿದರು. ಇಲ್ಲಿ 27 ಮುಖ್ಯ ತಂಗುದಾಣಗಳೂ ಅವುಗಳ ನಡುವೆ 27 ಉಪ ತಂಗುದಾಣಗಳೂ ಇದ್ದವು. ಅಂದರೆ ಸರಾಸರಿ 26 ಕಿಲೋಮೀಟರಿಗೊಂದು ತಾಣ. ಪಾದಚಾರಿಯೊಬ್ಬ ಒಂದು ದಿನದಲ್ಲಿ ಕ್ರಮಿಸಬಹುದಾದ ದೂರ.

ಈ ಕೊಳಗಳ ನಿರ್ಮಾಣವೂ ಕುತೂಹಲಕರ. ಅಪರೂಪಕ್ಕೆ ಸುರಿಯುವ ಮಳೆಯ ನೀರು ಮೊದಲು ಒಂದು ಸಣ್ಣ ತೊಟ್ಟಿಗೆ ಹರಿದು, ಅಲ್ಲಿ ಕೆಸರು ತಳಕ್ಕಿಳಿದ ಬಳಿಕ ತಿಳಿಯಾಗಿ ದೊಡ್ಡ ಕೊಳವನ್ನು ಸೇರುತ್ತಿತ್ತು. ಯಾತ್ರಿಕರು ಇಳಿದು ನೀರು ತುಂಬಿಕೊಳ್ಳಲು ಮೆಟ್ಟಿಲುಗಳಿದ್ದವು. ಕಲ್ಲುಗಳು ಹರಡಿದ ಕಡೆಗಳಲ್ಲಿ ದಾರಿಯನ್ನು ಗುಡಿಸಿ ಹಸನುಗೊಳಿಸಲಾಗಿತ್ತು, ಮರಳಿನಲ್ಲಿ ಕಾಲು ಹೂತುಹೋಗದಂತೆ ಕಲ್ಲು ಹಾಸಲಾಗಿತ್ತು.

ಸ್ವತಃ ಹಾರೂನ್ ರಶೀದರು ಹಿಜರಿ 179ರಲ್ಲಿ ಮಕ್ಕಾದಿಂದ ಮಿನಾ ಮತ್ತು ಅರಫಾತ್‌ಗೆ ನಡೆದೇ ಹೋಗಿ ಹಜ್ಜ್ ನಿರ್ವಹಿಸಿದರೆಂದು ಇಮಾಮ್ ತಬರಿ ದಾಖಲಿಸಿದ್ದಾರೆ. ಆದರೆ ದಾರಿಗೆ ಉಳಿದದ್ದು ನಡೆದ ಖಲೀಫರ ಹೆಸರಲ್ಲ, ನಡೆಯುವವರಿಗೆ ನೀರು ಕೊಟ್ಟ ಮಹಿಳೆಯ ಹೆಸರು. ಅವರು ಹಿಜರಿ 216ರಲ್ಲಿ ನಿಧನರಾದರು. ಮುನ್ನೂರೈವತ್ತು ವರ್ಷಗಳ ನಂತರ, 1184ರಲ್ಲಿ ಇದೇ ಹಾದಿಯಲ್ಲಿ ಸಾಗಿದ ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್, ಆ ಬಾವಿ ಕೊಳಗಳಿಲ್ಲದಿದ್ದರೆ ಈ ದಾರಿಯಲ್ಲಿ ಸಂಚಾರವೇ ಇರುತ್ತಿರಲಿಲ್ಲವೆಂದು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ನಡುದಾರಿಯ ಫೈದ್ ಪಟ್ಟಣದಲ್ಲಿ ಯಾತ್ರಿಕರು ತಮ್ಮ ಆಹಾರ ಸಾಮಗ್ರಿಯ ಒಂದು ಪಾಲನ್ನು ಪರಿಚಿತರ ಮನೆಗಳಲ್ಲಿ ಒಪ್ಪಿಸಿ, ಮರಳುವಾಗ ಪಡೆಯುತ್ತಿದ್ದರೆಂದೂ ಅವರು ತಿಳಿಸುತ್ತಾರೆ. ಹೋಗುವ ದಿನವೇ ಮರಳುವ ದಿನದ ಬುತ್ತಿಯನ್ನು ಯೋಚಿಸಿದವರು ಆ ಹಾಜಿಗಳು!

ಕಾಫಿಲಾದ ಕೊನೆಯ ವ್ಯಕ್ತಿ

ಇಬ್ನ್ ಬತೂತಾ ಹೆಸರನ್ನು ಕೇಳದವರು ವಿರಳ. ಮುಂದೆ ನಮ್ಮ ಹೊನ್ನಾವರಕ್ಕೂ ಬಂದು ಅಲ್ಲಿ ಬಾಲಕಿಯರಿಗಾಗಿ ಇದ್ದ 13 ಮದ್ರಸಗಳನ್ನು ಲೆಕ್ಕ ಹಾಕಿ ಬರೆದ ಈ ಯಾತ್ರಿಕ, 1325ರ ಜೂನ್‌ನಲ್ಲಿ ಮೊರಾಕ್ಕೋದ ತಂಜಾದಿಂದ ಒಂಟಿಯಾಗಿ ಹಜ್ಜ್‌ಗೆ ಹೊರಟಾಗ ಅವರಿಗಿನ್ನೂ 21ರ ಹರೆಯ. ದಾರಿಯಲ್ಲಿ ಜ್ವರ ಬಂದು, ಬಿದ್ದುಹೋಗದಿರಲು ಮುಂಡಾಸಿನ ಬಟ್ಟೆಯಿಂದ ತಮ್ಮನ್ನು ತಡಿಗೆ ಕಟ್ಟಿಕೊಂಡು ಪ್ರಯಾಣಿಸಿದರು. ಕೆಂಪು ಸಮುದ್ರವನ್ನು ದಾಟಲು ಐದಾಬ್ ರೇವಿಗೆ ಹೋದರೆ ಅಲ್ಲಿ ಯುದ್ಧದಿಂದಾಗಿ ಹಡಗುಗಳಿರಲಿಲ್ಲ. ಕೈರೋಗೆ ಹಿಂದಿರುಗಿ, ದಮಾಸ್ಕಸ್ ಮೂಲಕ ಸುತ್ತುಬಳಸಿ ಅವರು ಮಕ್ಕಾ ತಲಪಿದ್ದು 1326ರಲ್ಲಿ. ಯೋಜನೆ ಮುರಿದಾಗ ಹಿಂದಿರುಗುವುದನ್ನು ಅವರು ಅವಮಾನವೆಂದು ಭಾವಿಸಲಿಲ್ಲ.

ಹಜ್ಜ್ ಮುಗಿಸಿ ಇರಾಕಿನ ಕಾಫಿಲಾದೊಂದಿಗೆ ದರ್ಬ್ ಝುಬೈದಾದಲ್ಲಿ ಸಾಗಿದಾಗ ಕಂಡುದನ್ನು ಅವರು ವಿವರಿಸುತ್ತಾರೆ. ಬಡ ಪಾದಚಾರಿಗಳಿಗೆಂದೇ ನೀರು ಹೊತ್ತ ಒಂಟೆಗಳಿದ್ದವು. ದಾನವಾಗಿ ಹಂಚಲು ಆಹಾರ, ಕಾಯಿಲೆ ಬಿದ್ದವರಿಗಾಗಿ ಔಷಧ ಮತ್ತು ಸಕ್ಕರೆ ಹೊತ್ತ ಒಂಟೆಗಳಿದ್ದವು. ತಂಗಿದಲ್ಲಿ ದೊಡ್ಡ ಹಿತ್ತಾಳೆಯ ಹಂಡೆಗಳಲ್ಲಿ ಅಡುಗೆಯಾಗುತ್ತಿತ್ತು. ನಡೆಯಲಾರದವರನ್ನು ಹೊರಲು ಬೇರೆ ಒಂಟೆಗಳೂ ಇದ್ದವು.

ಇದು ಆಕಸ್ಮಿಕ ಔದಾರ್ಯವಾಗಿರಲಿಲ್ಲ. ಮೂರು ಶತಮಾನಗಳಷ್ಟು ಹಿಂದೆಯೇ ಇಮಾಮ್ ಮಾವರ್ದಿ(ರಹ್) 'ಅಲ್ ಅಹ್‌ಕಾಮುಸ್ಸುಲ್ತಾನಿಯ್ಯಾ' ಗ್ರಂಥದಲ್ಲಿ ಹಜ್ಜ್ ಕಾಫಿಲಾದ ಅಮೀರನ ಕರ್ತವ್ಯಗಳನ್ನು ನಿರೂಪಿಸಿದ್ದರು. ದುರ್ಬಲರು ಹಿಂದುಳಿಯದಂತೆ ನಿಧಾನವಾಗಿ ಸಾಗುವುದು, ಸುಗಮವಾದ ದಾರಿಯನ್ನು ಆರಿಸುವುದು, ನೀರು ಬತ್ತಿದಲ್ಲಿ ನೀರನ್ನು ಹುಡುಕುವುದು ಅವುಗಳಲ್ಲಿ ಸೇರಿವೆ. ಕಾಫಿಲಾದ ವೇಗವನ್ನು ನಿರ್ಧರಿಸಬೇಕಾದವನು ಮುಂದಿರುವ ಬಲಶಾಲಿಯಲ್ಲ, ಕೊನೆಯಲ್ಲಿರುವ ದುರ್ಬಲ.

ಇಂತಹ ವ್ಯವಸ್ಥೆ ಇಲ್ಲದ ಕಡೆಗಳಲ್ಲಿಯೂ ಜನರು ನಡೆದಿದ್ದಾರೆ. ಪಶ್ಚಿಮ ಆಫ್ರಿಕಾದ ಬಡ ಮುಸ್ಲಿಮರು ಇಂದಿನ ನೈಜೀರಿಯಾ, ಚಾಡ್, ಸುಡಾನ್‌ಗಳನ್ನು ದಾಟಿ ಕೆಂಪು ಸಮುದ್ರದ ದಡಕ್ಕೆ ವರ್ಷಾನುಗಟ್ಟಲೆ ನಡೆದರು. ಕೈಬರಿದಾದಾಗ ನಿಂತು, ಹೊಲಗಳಲ್ಲಿ ದುಡಿದು, ಮುಂದಿನ ಹಂತದ ಖರ್ಚು ಕೂಡಿಸಿಕೊಂಡರು. ಇಪ್ಪತ್ತನೇ ಶತಮಾನದಲ್ಲಿ ಸುಡಾನಿನ ಗೆಝೀರಾ ಹತ್ತಿ ಹೊಲಗಳಲ್ಲಿ ದುಡಿದವರಲ್ಲಿ ಇಂತಹ ಯಾತ್ರಿಕರು ಬಹಳಷ್ಟಿದ್ದರು. ದಾರಿಯಲ್ಲಿಯೇ ಮಕ್ಕಳು ಹುಟ್ಟಿದರು, ಕೆಲವರು ಅಲ್ಲಿಯೇ ನೆಲೆಸಿದರು. ತಮ್ಮ ಬೆವರನ್ನೇ ಪಾಥೇಯವಾಗಿಸಿಕೊಂಡವರು ಅವರು.

ಇಂದು ಹೊರಡುವವರಿಗೆ

ಇಂದಿನ ಮರುಭೂಮಿಯಲ್ಲಿ ಡಾಂಬರು ರಸ್ತೆಗಳಿವೆ. ಆದರೆ ಗಡಿಗಳೂ ಇವೆ. ಆರಂಭದಲ್ಲಿ ಹೇಳಿದ ಕೇರಳದ ಯುವಕ ರಾಜ್ಯಗಳನ್ನೆಲ್ಲ ದಾಟಿ ಪಂಜಾಬ್ ತಲಪಿದ ಮೇಲೆ, ಪಾಕಿಸ್ತಾನದ ವೀಸಾಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಅಂದಿನ ಬಾವಿಯ ಸ್ಥಾನದಲ್ಲಿ ಇಂದು ವೀಸಾ ಮತ್ತು ಹಜ್ಜ್ ಪರವಾನಗಿಗಳಿವೆ. ಅವುಗಳಿಲ್ಲದೆ ಹೊರಡುವುದು ನೀರಿಲ್ಲದೆ ಹೊರಟಂತೆಯೇ.

ಇದು ಬರಿಯ ಹೋಲಿಕೆಯ ಮಾತಲ್ಲ. 2024ರ ಹಜ್ಜ್ ವೇಳೆ ಮಕ್ಕಾದ ತಾಪಮಾನ 51 ಡಿಗ್ರಿಯನ್ನು ಮೀರಿತು. 1301 ಮಂದಿ ಮೃತಪಟ್ಟರೆಂದೂ, ಅವರಲ್ಲಿ 83 ಶೇಕಡಾ ಮಂದಿ ಪರವಾನಗಿಯಿಲ್ಲದೆ ಬಂದು, ನೆರಳಿಲ್ಲದ ಬಿಸಿಲಲ್ಲಿ ಬಹುದೂರ ನಡೆದವರೆಂದೂ ಸೌದಿ ಸರಕಾರ ತಿಳಿಸಿತು. ಪರವಾನಗಿ ಇಲ್ಲದವರಿಗೆ ತಂಪು ಡೇರೆಗಳೂ ಬಸ್ಸುಗಳೂ ದೊರೆಯಲಿಲ್ಲ. ಅವರ ಹಂಬಲವನ್ನು ನಾವು ಹೀಗಳೆಯಲಾರೆವು, ಅಲ್ಲಾಹನು ಅವರೆಲ್ಲರಿಗೂ ಮಗ್ಫಿರತ್ ನೀಡಲಿ. ಆದರೆ ಅವರ ಹಿಂದೆ ಉಳಿದ ಕುಟುಂಬಗಳ ಕಣ್ಣೀರು ನಮಗೆ ಎಚ್ಚರಿಕೆಯಾಗಬೇಕು.

ಆದ್ದರಿಂದ ಮನೆಯ ಮಗನೊಬ್ಬ ನಡೆದು ಹೋಗುವ ಇಚ್ಛೆಯನ್ನು ಮುಂದಿಟ್ಟಾಗ, ನಾವು ಕೇಳಬೇಕಾದ ಪ್ರಶ್ನೆಗಳು ಹೊಸವೇನಲ್ಲ. ಸಾಲ ತೀರಿದೆಯೇ? ತಂದೆ ತಾಯಿಯರ ಒಪ್ಪಿಗೆ ಇದೆಯೇ? ಹೆಂಡತಿ ಮಕ್ಕಳ ಖರ್ಚಿಗೆ ಏನಿದೆ? ಪ್ರತಿಯೊಂದು ಗಡಿಯ ಅನುಮತಿ ಕೈಯಲ್ಲಿದೆಯೇ? ದಿನಕ್ಕೆ ಎಷ್ಟು ದೂರ ನಡೆಯಲು ದೇಹ ಪಳಗಿದೆ? ಸಂಗಾತಿ ಯಾರು? ದಾರಿ ಮುಚ್ಚಿದರೆ ಹಿಂದಿರುಗಲು ಮನಸ್ಸು ಸಿದ್ಧವಿದೆಯೇ? ಈ ನಡಿಗೆ ಜನರು ನೋಡಲೆಂದೋ, ಅಲ್ಲಾಹನು ನೋಡುತ್ತಿದ್ದಾನೆಂದೋ? ಇವುಗಳಿಗೆ ಉತ್ತರ ಹುಡುಕುವ ದಿನಗಳೂ ಯಾತ್ರೆಯ ಭಾಗವೇ. ಸಾಲಗಾರನ ಮನೆಯ ಬಾಗಿಲಿಗೆ ಇಡುವ ಹೆಜ್ಜೆಯೂ ಮಕ್ಕಾದ ದಾರಿಯ ಹೆಜ್ಜೆಯೇ.

ಹಾಗೆಯೇ, ಹೊರಡಲಾಗದವರಿಗೆ ಝುಬೈದಾರ ದಾರಿ ತೆರೆದಿದೆ. ನೆರೆಮನೆಯ ಬಡ ವೃದ್ಧರೊಬ್ಬರ ಹಜ್ಜ್‌ಗೆ ನೆರವಾಗುವುದು, ಹೋದವರ ಮನೆಯ ಯೋಗಕ್ಷೇಮ ವಿಚಾರಿಸುವುದು, ದಾರಿಹೋಕನಿಗೆ ನೀರು ಕೊಡುವುದು, ಇವೆಲ್ಲವೂ ಆ ದೀರ್ಘ ಹಾದಿಯ ಬದಿಯ ಕೊಳಗಳೇ.

ಹಲಾಲಾದ ಬುತ್ತಿಯನ್ನೂ ತಕ್ವಾದ ಪಾಥೇಯವನ್ನೂ ಹೊತ್ತು ತನ್ನ ಭವನವನ್ನು ತಲಪುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ದಾರಿಯಲ್ಲಿ ಹಿಂದುಳಿದವರ ಕೈಹಿಡಿಯುವ ಮನಸ್ಸನ್ನೂ ಅವನೇ ನೀಡಲಿ. ಆಮೀನ್.