ಐಸ್ ಹಾಕಿ ಪ್ಲೇಆಫ್: ‘ನಾನು ಮೊದಲೇ ಹೇಳಿದ್ದೆ’ ಎನ್ನುವ ಅಭಿಮಾನಿಯ ಭವಿಷ್ಯವನ್ನು ಎಷ್ಟು ನಂಬಬಹುದು?

ಏಪ್ರಿಲ್ ಬಂತೆಂದರೆ ಅಮೆರಿಕ ಮತ್ತು ಕೆನಡಾದಲ್ಲಿ ಐಸ್ ಹಾಕಿ ಪ್ಲೇಆಫ್ ಜ್ವರ ಏರುತ್ತದೆ. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ 16 ತಂಡಗಳು ಸ್ಟಾನ್ಲಿ ಕಪ್‌ಗಾಗಿ ಸೆಣಸುತ್ತವೆ. ಯಾರು ಯಾರನ್ನು ಸೋಲಿಸುತ್ತಾರೆ, ಎಷ್ಟನೇ ಪಂದ್ಯಕ್ಕೆ ಸರಣಿ ಮುಗಿಯುತ್ತದೆ, ಕೊನೆಗೆ ಕಪ್ ಯಾರಿಗೆ ಎಂದು ಅಭಿಮಾನಿಗಳು ಮೊದಲೇ ಪಟ್ಟಿ ಬರೆದು ಹಂಚುತ್ತಾರೆ. ಜೂನ್‌ನಲ್ಲಿ ಕಪ್ ಒಂದು ತಂಡದ ಕೈ ಸೇರಿದ ಮೇಲೆ, ಆ ಸಾವಿರಾರು ಪಟ್ಟಿಗಳಲ್ಲಿ ಒಂದೆರಡು ಮಾತ್ರ ಸ್ಕ್ರೀನ್‌ಶಾಟ್ ಆಗಿ ಓಡಾಡತೊಡಗುತ್ತವೆ. ‘ನೋಡಿ, ಇವರು ಎರಡು ತಿಂಗಳ ಹಿಂದೆಯೇ ಹೇಳಿದ್ದರು!’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಅದರ ಹಿಂದೆಯೇ ‘ಮುಂದಿನ ಪಂದ್ಯದ ಪಕ್ಕಾ ಟಿಪ್ ಬೇಕಿದ್ದರೆ ಈ ಗ್ರೂಪಿಗೆ ಸೇರಿ’ ಎಂಬ ಆಹ್ವಾನವೂ ಬರಬಹುದು.

ಹಾಗಾದರೆ, ಭವಿಷ್ಯ ನಿಜವಾಯಿತು ಎಂದರೆ ಹೇಳಿದವರಿಗೆ ಆಟದ ಮರ್ಮ ಗೊತ್ತಿತ್ತು ಎಂದರ್ಥವೇ?

ಚುಟುಕಾಗಿ ಹೇಳುವುದಾದರೆ, ಅಲ್ಲ. ನಿಜವಾದ ಒಂದು ಭವಿಷ್ಯವನ್ನಷ್ಟೇ ನೋಡಿ ಏನನ್ನೂ ತೀರ್ಮಾನಿಸಲಾಗದು. ಅದರ ಜೊತೆ ಸುಳ್ಳಾದ ಭವಿಷ್ಯಗಳು ಎಷ್ಟಿದ್ದವು ಎಂಬುದೂ ಗೊತ್ತಿರಬೇಕು. ಅದೃಷ್ಟದ ಪಾಲು ಹೆಚ್ಚಿರುವ ಐಸ್ ಹಾಕಿಯಂತಹ ಆಟಕ್ಕಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಇದನ್ನು ಒಂದೊಂದಾಗಿ ನೋಡೋಣ.

ಪ್ಲೇಆಫ್ ನಡೆಯುವುದು ಹೇಗೆ?

ಎನ್‌ಎಚ್‌ಎಲ್‌ನಲ್ಲಿ ಈಗ 32 ತಂಡಗಳಿವೆ. ಲೀಗ್ ಹಂತದ ನಂತರ ಪೂರ್ವ ವಿಭಾಗದಿಂದ 8, ಪಶ್ಚಿಮ ವಿಭಾಗದಿಂದ 8 ತಂಡಗಳು ಪ್ಲೇಆಫ್ ತಲುಪುತ್ತವೆ. ಅಲ್ಲಿ ನಾಲ್ಕು ಸುತ್ತುಗಳು. ಪ್ರತಿ ಸುತ್ತಿನಲ್ಲೂ ಎರಡು ತಂಡಗಳ ನಡುವೆ ಗರಿಷ್ಠ ಏಳು ಪಂದ್ಯಗಳ ಸರಣಿ ನಡೆಯುತ್ತದೆ. ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಕಪ್ ಗೆಲ್ಲಲು ಒಟ್ಟು 16 ಪಂದ್ಯ ಗೆಲ್ಲಬೇಕು.

ಮೊದಲ ಸುತ್ತಿನಲ್ಲಿ 8 ಸರಣಿ, ಎರಡನೆಯದರಲ್ಲಿ 4, ಮೂರನೆಯದರಲ್ಲಿ 2, ಕೊನೆಗೆ ಫೈನಲ್. ಹೀಗೆ ಒಟ್ಟು 15 ಸರಣಿಗಳು. ಅಭಿಮಾನಿ ಊಹಿಸಬೇಕಾದದ್ದು ಈ 15ರ ಫಲಿತಾಂಶ.

ಎಲ್ಲವನ್ನೂ ಸರಿಯಾಗಿ ಹೇಳುವುದು ಎಷ್ಟು ಕಷ್ಟ?

ಪ್ರತಿ ಸರಣಿಗೂ ಎರಡೇ ಉತ್ತರ: ಈ ತಂಡ ಅಥವಾ ಆ ತಂಡ. ಆದರೆ 15 ಸರಣಿಗಳನ್ನು ಒಟ್ಟು ಸೇರಿಸಿದರೆ 2ನ್ನು 15 ಸಲ ಗುಣಿಸಬೇಕು. ಉತ್ತರ 32,768. ಅಂದರೆ ಅಷ್ಟು ಬಗೆಯ ಪಟ್ಟಿಗಳನ್ನು ಬರೆಯಬಹುದು, ಅವುಗಳಲ್ಲಿ ಪೂರ್ತಿ ಸರಿಯಾಗುವುದು ಒಂದೇ.

ಸರಣಿ ಎಷ್ಟು ಪಂದ್ಯಗಳಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳಬೇಕೆಂದರೆ ಲೆಕ್ಕ ಬೆಳೆಯುತ್ತದೆ. ಒಂದು ಸರಣಿ 4, 5, 6 ಅಥವಾ 7 ಪಂದ್ಯಗಳಲ್ಲಿ ಮುಗಿಯಬಹುದು, ಗೆಲ್ಲುವವರು ಇಬ್ಬರಲ್ಲಿ ಯಾರೂ ಆಗಬಹುದು. ಒಂದು ಸರಣಿಗೆ 8 ಸಾಧ್ಯತೆಗಳಾದವು. ಇಂತಹ 15 ಸರಣಿಗಳಿಗೆ ಸಾಧ್ಯತೆಗಳ ಸಂಖ್ಯೆ 35 ಲಕ್ಷ ಕೋಟಿಯನ್ನೂ ದಾಟುತ್ತದೆ!

ಈಗ ಇದನ್ನೇ ತಿರುಗಿಸಿ ನೋಡಿ. ಆಟದ ಗಂಧಗಾಳಿಯೂ ಗೊತ್ತಿಲ್ಲದ 32,768 ಮಂದಿ ಬರೀ ನಾಣ್ಯ ಚಿಮ್ಮಿ ಗೆಲ್ಲುವ ತಂಡಗಳ ಪಟ್ಟಿ ತುಂಬಿದರು ಎಂದುಕೊಳ್ಳಿ. ಅವರಲ್ಲಿ ಸರಾಸರಿ ಒಬ್ಬರ ಪಟ್ಟಿ ಪೂರ್ತಿ ಸರಿಯಾಗುತ್ತದೆ. ಪಟ್ಟಿ ಬರೆಯುವವರು ಲಕ್ಷಗಟ್ಟಲೆ ಇರುವಾಗ ಯಾರದೋ ಒಂದು ಪಟ್ಟಿ ಬೆರಗಾಗುವಷ್ಟು ಸರಿಹೊಂದುವುದು ಪವಾಡವಲ್ಲ. ಯಾರದೂ ಸರಿಹೊಂದದಿದ್ದರೇ ಆಶ್ಚರ್ಯ.

ಬಲಿಷ್ಠ ತಂಡವೇ ಗೆಲ್ಲುತ್ತದಲ್ಲವೇ?

ಹಾಗೆಂದು ನಂಬಿದವರಿಗೆ ಎನ್‌ಎಚ್‌ಎಲ್ ಹಲವು ಸಲ ಪಾಠ ಕಲಿಸಿದೆ.

2018-19ರ ಲೀಗ್ ಹಂತದಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ ತಂಡ 82ರಲ್ಲಿ 62 ಪಂದ್ಯ ಗೆದ್ದು ಅಂದಿನ ದಾಖಲೆಯನ್ನು ಸರಿಗಟ್ಟಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಎದುರಾದದ್ದು ಕೊಲಂಬಸ್ ಬ್ಲೂ ಜಾಕೆಟ್ಸ್. ಆ ತಂಡ ಅಲ್ಲಿಯವರೆಗೆ ಒಂದೇ ಒಂದು ಪ್ಲೇಆಫ್ ಸರಣಿಯನ್ನೂ ಗೆದ್ದಿರಲಿಲ್ಲ. ಟ್ಯಾಂಪಾ 0-4ರಿಂದ ಸೋತು ಹೊರಬಿತ್ತು.

ಅದೇ ವರ್ಷ ಸೇಂಟ್ ಲೂಯಿಸ್ ಬ್ಲೂಸ್ ತಂಡ ಜನವರಿ ಆರಂಭದಲ್ಲಿ 31 ತಂಡಗಳ ಪೈಕಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಜೂನ್‌ನಲ್ಲಿ ಕಪ್ ಎತ್ತಿದ್ದು ಅದೇ ತಂಡ.

2022-23ರಲ್ಲಿ ಬಾಸ್ಟನ್ ಬ್ರೂಯಿನ್ಸ್ 65 ಗೆಲುವು, 135 ಅಂಕ ಗಳಿಸಿ ಎರಡರಲ್ಲೂ ಹೊಸ ದಾಖಲೆ ಬರೆಯಿತು. ಮೊದಲ ಸುತ್ತಿನ ಎದುರಾಳಿ ಫ್ಲಾರಿಡಾ ಪ್ಯಾಂಥರ್ಸ್ ಗಳಿಸಿದ್ದು 92 ಅಂಕ. ಬಾಸ್ಟನ್ 3-1ರ ಮುನ್ನಡೆಯನ್ನೂ ಪಡೆದಿತ್ತು. ಆದರೆ ಫ್ಲಾರಿಡಾ ಮೂರು ಪಂದ್ಯ ಸತತವಾಗಿ ಗೆದ್ದಿತು. ಏಳನೇ ಪಂದ್ಯದಲ್ಲಿ ಕೊನೆಯ ನಿಮಿಷದಲ್ಲಿ ಗೋಲು ಹೊಡೆದು ಸಮಬಲ ಸಾಧಿಸಿ, ಹೆಚ್ಚುವರಿ ಅವಧಿಯಲ್ಲಿ ಸರಣಿಯನ್ನೇ ಕಸಿದುಕೊಂಡಿತು.

ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡಕ್ಕೆ ಪ್ರೆಸಿಡೆಂಟ್ಸ್ ಟ್ರೋಫಿ ಕೊಡುತ್ತಾರೆ. ಅದನ್ನು ಪಡೆದ ವರ್ಷವೇ ಸ್ಟಾನ್ಲಿ ಕಪ್ಪನ್ನೂ ಗೆದ್ದದ್ದು 2013ರಲ್ಲಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್. ಅದಾದ ಮೇಲೆ 2014ರಿಂದ 2025ರವರೆಗಿನ 12 ಪ್ಲೇಆಫ್‌ಗಳಲ್ಲಿ ಆ ಟ್ರೋಫಿ ಪಡೆದ ಯಾವ ತಂಡವೂ ಕಪ್ ಗೆದ್ದಿಲ್ಲ. ಇದನ್ನು ‘ಪ್ರೆಸಿಡೆಂಟ್ಸ್ ಟ್ರೋಫಿ ಶಾಪ’ ಎನ್ನುವವರಿದ್ದಾರೆ. ಶಾಪವೂ ಇಲ್ಲ, ಮಾಟವೂ ಇಲ್ಲ. ಕಾರಣ ಲೆಕ್ಕದಲ್ಲಿದೆ.

ಲೆಕ್ಕ ಏನು ಹೇಳುತ್ತದೆ?

ಒಂದು ತಂಡ ಎದುರಾಳಿಗಿಂತ ಸ್ಪಷ್ಟವಾಗಿ ಉತ್ತಮ, ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಶೇ 60 ಎಂದುಕೊಳ್ಳೋಣ. ಏಳು ಪಂದ್ಯಗಳ ಸರಣಿಯನ್ನು ಅದು ಗೆಲ್ಲುವ ಸಾಧ್ಯತೆ ಸುಮಾರು ಶೇ 71. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಕಪ್ ಬೇಕೆಂದರೆ ಇಂತಹ ನಾಲ್ಕು ಸರಣಿಗಳನ್ನು ಒಂದರ ಹಿಂದೆ ಒಂದರಂತೆ ಗೆಲ್ಲಬೇಕು. 0.71ನ್ನು ನಾಲ್ಕು ಸಲ ಗುಣಿಸಿದರೆ ಸಿಗುವುದು ಶೇ 25ರಷ್ಟು.

ಅಂದರೆ ನಾಲ್ಕೂ ಸುತ್ತುಗಳಲ್ಲಿ ಎದುರಾಳಿಗಿಂತ ಮೇಲಿರುವ ತಂಡವೂ ನಾಲ್ಕರಲ್ಲಿ ಮೂರು ಸಲ ಬರಿಗೈಯಲ್ಲೇ ಮರಳುತ್ತದೆ. ಪ್ರತಿ ಪಂದ್ಯದ ಸಾಧ್ಯತೆ ಶೇ 55 ಆಗಿದ್ದರೆ ಕಪ್ ಸಿಗುವ ಅವಕಾಶ ಶೇ 14ಕ್ಕೆ ಇಳಿಯುತ್ತದೆ.

ಐಸ್ ಹಾಕಿಯಲ್ಲಿ ಅದೃಷ್ಟಕ್ಕೆ ಇಷ್ಟು ಜಾಗ ಏಕೆ?

ಮೊದಲನೆಯದು, ಗೋಲುಗಳು ಕಡಿಮೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ ನೂರಕ್ಕೂ ಹೆಚ್ಚು ಅಂಕ ಗಳಿಸುತ್ತದೆ, ಹಾಗಾಗಿ ಒಂದೆರಡು ಆಕಸ್ಮಿಕಗಳಿಂದ ಫಲಿತಾಂಶ ಬದಲಾಗುವುದು ಅಪರೂಪ. ಐಸ್ ಹಾಕಿಯಲ್ಲಿ ಎರಡೂ ತಂಡ ಸೇರಿ ಒಂದು ಪಂದ್ಯದಲ್ಲಿ ಹೊಡೆಯುವುದು ಸರಾಸರಿ ಆರು ಗೋಲು. ಒಂದು ಆಕಸ್ಮಿಕ ಗೋಲು ಸಾಕು, ಪಂದ್ಯ ತಲೆಕೆಳಗಾಗುತ್ತದೆ.

ಎರಡನೆಯದು, ಆಡುವುದು ಚೆಂಡಿನಲ್ಲಲ್ಲ, ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯಲ್ಲಿ. ಅದು ಮಂಜುಗಡ್ಡೆಯ ಮೇಲೆ ಜಾರುತ್ತಾ ಯಾರದೋ ಕೋಲಿಗೆ, ಯಾರದೋ ಕಾಲಿಗೆ ತಗುಲಿ ದಿಕ್ಕು ಬದಲಿಸಿ ಗೋಲಿಗೆ ನುಗ್ಗುವುದು ದಿನನಿತ್ಯದ ಮಾತು.

ಮೂರನೆಯದು, ಗೋಲ್‌ಕೀಪರ್. ತನ್ನತ್ತ ಬರುವ ನೂರು ಹೊಡೆತಗಳಲ್ಲಿ ಸುಮಾರು 90ನ್ನು ಇವರು ತಡೆಯುತ್ತಾರೆ. ಎರಡು ವಾರ ಒಬ್ಬ ಗೋಲ್‌ಕೀಪರ್ ಅದ್ಭುತವಾಗಿ ಆಡಿಬಿಟ್ಟರೆ ಎದುರಿನ ಘಟಾನುಘಟಿ ತಂಡವೂ ಕೈಚೆಲ್ಲಬೇಕು.

ನಾಲ್ಕನೆಯದು, ಗಾಯಗಳ ಗುಟ್ಟು. ಪ್ಲೇಆಫ್ ವೇಳೆ ತಂಡಗಳು ‘ದೇಹದ ಮೇಲ್ಭಾಗಕ್ಕೆ ಪೆಟ್ಟು’, ‘ಕೆಳಭಾಗಕ್ಕೆ ಪೆಟ್ಟು’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. 2013ರ ಫೈನಲ್‌ನಲ್ಲಿ ಬಾಸ್ಟನ್‌ನ ಪ್ಯಾಟ್ರಿಸ್ ಬರ್ಜೆರಾನ್ ಮುರಿದ ಪಕ್ಕೆಲುಬಿನೊಂದಿಗೆ ಆಡಿದ್ದರು ಎಂಬುದು ಹೊರಬಿದ್ದದ್ದು ಸರಣಿ ಮುಗಿದ ಮೇಲೆ. ಇಂತಹ ವಿಷಯ ತಿಳಿಯದೆ ಹೊರಗಿನ ಅಭಿಮಾನಿ ಎಷ್ಟೇ ಅಂಕಿಅಂಶ ಅರೆದು ಕುಡಿದಿದ್ದರೂ ಊಹೆ ಊಹೆಯೇ.

ಹಾಗಿದ್ದರೂ ಕೆಲವರ ಮಾತು ನಿಜವಾಗುತ್ತದಲ್ಲ?

ಆಗುತ್ತದೆ. ಆದರೆ ನಾವು ನೆನಪಿಟ್ಟುಕೊಳ್ಳುವುದು ನಿಜವಾದದ್ದನ್ನು ಮಾತ್ರ.

1994ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಸೆಮಿಫೈನಲ್ ಸರಣಿಯಲ್ಲಿ 2-3ರಿಂದ ಹಿಂದಿತ್ತು. ಆರನೇ ಪಂದ್ಯ ಗೆದ್ದೇ ಗೆಲ್ಲುತ್ತೇವೆ ಎಂದು ನಾಯಕ ಮಾರ್ಕ್ ಮೆಸಿಯರ್ ಘೋಷಿಸಿದರು. ಹೇಳಿದ್ದಷ್ಟೇ ಅಲ್ಲ, ಆ ಪಂದ್ಯದಲ್ಲಿ ಮೂರು ಗೋಲು ಹೊಡೆದು ಗೆಲ್ಲಿಸಿದರು. ತಂಡ 54 ವರ್ಷಗಳ ನಂತರ ಕಪ್ ಗೆದ್ದಿತು. ಈ ಕಥೆಯನ್ನು ಐಸ್ ಹಾಕಿ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ.

2015ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ನಾಯಕ ಅಲೆಕ್ಸ್ ಒವೆಚ್ಕಿನ್ ಕೂಡ ಏಳನೇ ಪಂದ್ಯ ಗೆದ್ದು ಸರಣಿ ನಮ್ಮದಾಗಿಸಿಕೊಳ್ಳುತ್ತೇವೆ ಎಂದಿದ್ದರು. ಪಂದ್ಯದ ಮೊದಲ ಗೋಲನ್ನೂ ಅವರೇ ಹೊಡೆದರು. ಆದರೆ ಹೆಚ್ಚುವರಿ ಅವಧಿಯಲ್ಲಿ ತಂಡ 1-2ರಿಂದ ಸೋತಿತು. ಧೈರ್ಯ ಇಬ್ಬರದೂ ಒಂದೇ, ಮಾತೂ ಹೆಚ್ಚುಕಡಿಮೆ ಒಂದೇ. ದಂತಕಥೆಯಾದದ್ದು ಮಾತ್ರ ಒಂದು.

ವರ್ಷ ವರ್ಷವೂ ಒಂದೇ ಭವಿಷ್ಯ ಹೇಳುವುದು ಇನ್ನೊಂದು ಬಗೆ. ಟೊರೊಂಟೊ ಮೇಪಲ್ ಲೀಫ್ಸ್ ಕೊನೆಯ ಸಲ ಕಪ್ ಗೆದ್ದದ್ದು 1967ರಲ್ಲಿ. ಆದರೂ ಅದರ ಅಭಿಮಾನಿಗಳು ‘ಈ ವರ್ಷ ನಮ್ಮದೇ’ ಎನ್ನುವುದನ್ನು ಬಿಟ್ಟಿಲ್ಲ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ‘ಈ ಸಲ ಕಪ್ ನಮ್ದೇ’ ಎಂದು ಆರ್‌ಸಿಬಿ ಅಭಿಮಾನಿಗಳು ವರ್ಷಗಟ್ಟಲೆ ಹೇಳಿದರು, 2025ರಲ್ಲಿ ಅದು ನಿಜವಾಯಿತು. ಅದು ಪ್ರೀತಿ, ಭವಿಷ್ಯವಾಣಿಯಲ್ಲ. ಪ್ರತಿ ವರ್ಷ ಹೇಳಿದ ಮಾತು ಒಂದು ವರ್ಷ ನಿಜವಾದರೆ ಹೇಳಿದವರಿಗೆ ದಿವ್ಯದೃಷ್ಟಿ ಇದೆ ಎಂದಲ್ಲ.

ಆಕ್ಟೋಪಸ್, ಮುಟ್ಟಬಾರದ ಟ್ರೋಫಿ ಮತ್ತು ಇತರ ನಂಬಿಕೆಗಳು

2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿಯ ‘ಪಾಲ್’ ಎಂಬ ಆಕ್ಟೋಪಸ್ ಎಂಟಕ್ಕೆ ಎಂಟೂ ಪಂದ್ಯಗಳ ವಿಜೇತರನ್ನು ಸರಿಯಾಗಿ ಆರಿಸಿದ್ದು ನಿಮಗೆ ನೆನಪಿರಬಹುದು. ಎರಡರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೂ ಹೀಗಾಗುವ ಸಾಧ್ಯತೆ 256ರಲ್ಲಿ ಒಂದು. ಆ ಪ್ರಾಣಿಗೆ ಫುಟ್‌ಬಾಲ್ ಗೊತ್ತಿತ್ತು ಎಂದು ಯಾರೂ ಹೇಳಲಾರರು. ತಪ್ಪು ಹೇಳಿದ ಪ್ರಾಣಿಗಳು ಸುದ್ದಿಯಾಗುವುದಿಲ್ಲ, ಅಷ್ಟೇ.

ಐಸ್ ಹಾಕಿಗೂ ಒಂದು ಆಕ್ಟೋಪಸ್ ಇದೆ. 1952ರಲ್ಲಿ ಕಪ್ ಗೆಲ್ಲಲು ಎಂಟು ಪಂದ್ಯ ಗೆದ್ದರೆ ಸಾಕಿತ್ತು. ಎಂಟು ಗೆಲುವಿಗೆ ಎಂಟು ತೋಳು ಎಂದು ಡೆಟ್ರಾಯಿಟ್‌ನ ಮೀನು ವ್ಯಾಪಾರಿ ಸಹೋದರರು ಆಟದ ಅಂಗಳಕ್ಕೆ ಸತ್ತ ಆಕ್ಟೋಪಸ್ ಎಸೆದರು. ಡೆಟ್ರಾಯಿಟ್ ಒಂದೂ ಪಂದ್ಯ ಸೋಲದೆ ಕಪ್ ಗೆದ್ದಿತು, ಎಸೆಯುವುದು ಸಂಪ್ರದಾಯವಾಯಿತು. ಮುಂದೆ ಆಕ್ಟೋಪಸ್ ಬಿದ್ದ ಎಷ್ಟೋ ವರ್ಷಗಳಲ್ಲಿ ಅದೇ ತಂಡ ಸೋತಿದೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ನಂಟು ಕಟ್ಟಿದ ಹಾಗಾಯಿತು.

ಫೈನಲ್ ತಲುಪಿದಾಗ ಕೊಡುವ ವಿಭಾಗದ ಟ್ರೋಫಿಯನ್ನು ಮುಟ್ಟಿದರೆ ಸ್ಟಾನ್ಲಿ ಕಪ್ ಕೈತಪ್ಪುತ್ತದೆ ಎಂಬ ನಂಬಿಕೆಯೂ ಆಟಗಾರರಲ್ಲಿದೆ. ಪಿಟ್ಸ್‌ಬರ್ಗ್ ನಾಯಕ ಸಿಡ್ನಿ ಕ್ರಾಸ್ಬಿ 2008ರಲ್ಲಿ ಅದನ್ನು ಮುಟ್ಟಲಿಲ್ಲ, ಫೈನಲ್‌ನಲ್ಲಿ ಡೆಟ್ರಾಯಿಟ್ ಎದುರು ಸೋತರು. 2009ರಲ್ಲಿ ಮುಟ್ಟಿದರು, ಅದೇ ಡೆಟ್ರಾಯಿಟ್ ಎದುರು ಗೆದ್ದರು.

ಮೋಸ ಶುರುವಾಗುವುದು ಎಲ್ಲಿ?

ಇಲ್ಲಿಯವರೆಗೆ ಹೇಳಿದ್ದು ತಮಾಷೆ, ಅಭಿಮಾನ. ಯಾರಿಗೂ ನಷ್ಟವಿಲ್ಲ. ಹಣ ಬಂದಾಗ ಕಥೆ ಬದಲಾಗುತ್ತದೆ. ವಂಚಕರು ಬಳಸುವ ಹಳೆಯ ಉಪಾಯವೊಂದನ್ನು ನೋಡಿ.

ಒಬ್ಬ 6,400 ಮಂದಿಗೆ ಸಂದೇಶ ಕಳಿಸುತ್ತಾನೆ. ಮೊದಲ ಸುತ್ತಿನ ಒಂದು ಸರಣಿಯನ್ನು ಒಂದು ತಂಡ ಗೆಲ್ಲುತ್ತದೆ ಎಂದು ಅರ್ಧ ಜನರಿಗೆ, ಎದುರಾಳಿ ಗೆಲ್ಲುತ್ತದೆ ಎಂದು ಉಳಿದರ್ಧಕ್ಕೆ ಹೇಳುತ್ತಾನೆ. ಯಾರೇ ಗೆದ್ದರೂ 3,200 ಮಂದಿಗೆ ಅವನ ಮಾತು ನಿಜವಾಗಿರುತ್ತದೆ. ತಪ್ಪು ಹೋದವರನ್ನು ಬಿಟ್ಟು, ಉಳಿದವರನ್ನು ಎರಡನೇ ಸುತ್ತಿನಲ್ಲಿ ಮತ್ತೆ ಎರಡು ಪಾಲು ಮಾಡುತ್ತಾನೆ. ಮೂರು ಸುತ್ತು ಮುಗಿಯುವಷ್ಟರಲ್ಲಿ 800 ಮಂದಿ ಅವನ ಮೂರಕ್ಕೆ ಮೂರೂ ಭವಿಷ್ಯ ನಿಜವಾದದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಆಗ ಬರುತ್ತದೆ ಸಂದೇಶ: ‘ಫೈನಲ್ ಟಿಪ್ ಬೇಕಿದ್ದರೆ ಇಷ್ಟು ಹಣ ಹಾಕಿ.’

ಆ 800 ಮಂದಿಗೆ ಇದು ಮೋಸ ಎಂದು ಅನ್ನಿಸುವುದೇ ಇಲ್ಲ, ಏಕೆಂದರೆ ತಪ್ಪು ಸಂದೇಶ ಪಡೆದ 5,600 ಮಂದಿ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಈ ಉಪಾಯಕ್ಕೆ ಆಟ ಯಾವುದಾದರೂ ನಡೆಯುತ್ತದೆ. ಐಸ್ ಹಾಕಿ, ಕ್ರಿಕೆಟ್, ಷೇರು ಮಾರುಕಟ್ಟೆ ಎಲ್ಲಕ್ಕೂ ಒಂದೇ ಲೆಕ್ಕ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕಾನೂನು ನಿಷೇಧಿಸಿದೆ ಎಂಬುದೂ ನೆನಪಿರಲಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಒಳ್ಳೆಯ ಊಹೆ ಹೇಗಿರುತ್ತದೆ?

ಊಹೆ ಮಾಡುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಹವಾಮಾನ ಇಲಾಖೆಯೂ ಊಹಿಸುತ್ತದೆ. ವ್ಯತ್ಯಾಸವಿರುವುದು ಹೇಳುವ ಬಗೆಯಲ್ಲಿ. ‘ಈ ತಂಡ ಪಕ್ಕಾ ಗೆಲ್ಲುತ್ತದೆ’ ಎನ್ನುವವರಿಗಿಂತ ‘ಗೆಲ್ಲುವ ಸಾಧ್ಯತೆ ಶೇ 60’ ಎನ್ನುವವರು ಹೆಚ್ಚು ಪ್ರಾಮಾಣಿಕರು. ಅವರು ಹಾಗೆ ಹೇಳಿದ ನೂರು ಸಲದಲ್ಲಿ ಸುಮಾರು 60 ಸಲ ಆ ತಂಡ ಗೆದ್ದಿದ್ದರೆ ಅವರ ಅಂದಾಜು ಚೆನ್ನಾಗಿದೆ ಎಂದರ್ಥ. ಇಂತಹ ಅಂದಾಜುಗಳನ್ನು ಅಳೆಯುವ ಒಂದು ಸೂತ್ರವನ್ನು ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲೇ ಕೊಟ್ಟಿದ್ದಾರೆ. ಸುಳ್ಳಾದ ಮಾತುಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಅಲ್ಲಿ ಅಂಕ ಸಿಗುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

1. ಈ ಭವಿಷ್ಯ ಪಂದ್ಯಕ್ಕೆ ಮುಂಚೆಯೇ ಎಲ್ಲರಿಗೂ ಕಾಣುವಂತೆ ಪ್ರಕಟವಾಗಿತ್ತೇ? ಸ್ಕ್ರೀನ್‌ಶಾಟ್ ಪುರಾವೆಯಲ್ಲ. ದಿನಾಂಕ ತಿದ್ದುವುದು ಕಷ್ಟದ ಕೆಲಸವೂ ಅಲ್ಲ.
2. ಇದೇ ವ್ಯಕ್ತಿ ಹೇಳಿದ ಬೇರೆ ಭವಿಷ್ಯಗಳು ಏನಾದವು? ತಪ್ಪಾದವನ್ನು ಅಳಿಸಿ ಸರಿಯಾದವನ್ನಷ್ಟೇ ಉಳಿಸಿಕೊಂಡಿರಬಹುದು.
3. ಎಷ್ಟು ಮಂದಿ ಊಹಿಸಿದ್ದರು? ಲಕ್ಷ ಜನರಲ್ಲಿ ಒಬ್ಬರು ಸರಿಯಾದರೆ ಅದು ಪ್ರತಿಭೆಯೇ ಆಗಬೇಕಿಲ್ಲ.
4. ಕೊನೆಯಲ್ಲಿ ಹಣ, ಒಟಿಪಿ ಅಥವಾ ಆ್ಯಪ್ ಡೌನ್‌ಲೋಡ್ ಕೇಳುತ್ತಿದ್ದಾರೆಯೇ? ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ನಾಲ್ಕಕ್ಕೂ ಸಮಾಧಾನಕರ ಉತ್ತರ ಸಿಕ್ಕರೆ ಖುಷಿಯಿಂದ ಹಂಚಿಕೊಳ್ಳಿ. ಸಿಗದಿದ್ದರೆ ಅದನ್ನು ಒಬ್ಬ ಅಭಿಮಾನಿಯ ಆಸೆ ಎಂದು ಓದಿ ನಕ್ಕು ಮುಂದೆ ಹೋಗಿ. ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಏಳನೇ ಪಂದ್ಯವನ್ನು ಯಾರೂ ಉಸಿರು ಬಿಗಿಹಿಡಿದು ನೋಡುತ್ತಿರಲಿಲ್ಲ.