ಮಡಕೆಯ ತಳದಲ್ಲಿ ಉಳಿದ ಊಟ

ಗಂಜಿ ತಳ ಹಿಡಿದರೆ ಮಡಕೆ ತಿಕ್ಕುವವರ ಕೈ ಸೋಲುತ್ತದೆ. ಪುರಾತತ್ತ್ವಜ್ಞರಿಗೆ ಆ ಕರಕಲೇ ನಿಧಿ.

ಮಣ್ಣಿನ ಮಡಕೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅಡುಗೆ ಬೇಯುವಾಗ ಎಣ್ಣೆ, ಕೊಬ್ಬಿನ ಅಂಶ ಅವುಗಳೊಳಗೆ ಇಳಿದು ಸಾವಿರಾರು ವರ್ಷ ಉಳಿಯಬಲ್ಲದು. ಒಳಬದಿಗೆ ಅಂಟಿದ ಕರಕಲಿನಲ್ಲಿ ಗೆಡ್ಡೆ, ಧಾನ್ಯಗಳ ಪಿಷ್ಟದ ಕಣಗಳಿರಬಹುದು; ಗಾಜಿನಂಥ ಸಿಲಿಕಾ ಕಣಗಳೂ ಇರಬಹುದು. ಭತ್ತದ ಹೊಟ್ಟಿನ ಕಣಕ್ಕೆ ಜೋಡಿ ಮೊನೆ. ಸೂಕ್ಷ್ಮದರ್ಶಕದಡಿ ಅದು ಕಂಡರೆ ಭತ್ತದ ಗುರುತು ಸಿಕ್ಕಂತೆಯೇ. ಅದಕ್ಕೇ ಅಗೆತದಲ್ಲಿ ಸಿಕ್ಕ ಬೋಕಿಯನ್ನು ಅವಸರದಲ್ಲಿ ತೊಳೆಯಬಾರದು. ತೊಳೆದರೆ ಊಟದ ಸುಳಿವೂ ನೀರುಪಾಲು.

ಆದರೆ ನಮ್ಮ ನಾಡಿನ ಹಳೆಯ ಊಟಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಮಡಕೆಗಳ ಸುತ್ತಲಿನ ಮಣ್ಣಿನಲ್ಲಿ. ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿಗೆ ಹಾಕಿ, ತೇಲಿಬಂದ ಸುಟ್ಟ ಕಾಳುಗಳನ್ನು ಪುರಾತತ್ತ್ವಜ್ಞರಾದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಒಂದೊಂದಾಗಿ ಗುರುತಿಸಿದರು. ಸುಮಾರು 4,000 ವರ್ಷ ಹಿಂದಿನ ಹುರುಳಿ, ಹೆಸರು, ಕೊರಲೆ! ಗೋಧಿ, ಜವೆಗೋಧಿ ಬಂದದ್ದು ಆಮೇಲೆ. ಮಡಕೆಗಳ ಆಕಾರ ಬದಲಾದದ್ದನ್ನೂ ಫುಲ್ಲರ್ ಅಡುಗೆಯ ಬದಲಾವಣೆಯೊಂದಿಗೆ ಜೋಡಿಸಿ ನೋಡಿದ್ದಾರೆ. ಹುರುಳಿ ಸಾರು ಇಂದಿಗೂ ನಮ್ಮ ಒಲೆಯ ಮೇಲೆ ಕುದಿಯುತ್ತಿದೆ.