ಒಪ್ಪಿಗೆಯ ಒಪ್ಪ

ಇರಕಲ್ಲಗಡದಂಥ ಊರಿನಲ್ಲಿಯೂ ಇಂದು ‘ಹೂಂ’, ‘ಆಗಲಿ’ ಎನ್ನುವೆಡೆ ‘ಓಕೆ’ ಎಂಬುದು ಸಲೀಸಾಗಿ ಬರುತ್ತದೆ. ‘ಎಲ್ಲ ಸರಿ’ ಎಂಬರ್ಥದ ಇಂಗ್ಲಿಷ್ ಮಾತನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಮೊಟಕುಗೊಳಿಸಿ, 1839ರಲ್ಲಿ ಅಮೆರಿಕದ ಬೋಸ್ಟನ್ನಿನ ಪತ್ರಿಕೆಯೊಂದು ವಿನೋದಕ್ಕೆ ಅಚ್ಚುಮಾಡಿದ ಎರಡಕ್ಷರವದು.

ಸಮ್ಮತಿಯ ಮಾತುಗಳು ಈ ಸೀಮೆಗೆ ಹೊಸವಲ್ಲ. ಸಂಸ್ಕೃತದ ‘ಸಮ್ಮತಿ’ಯಲ್ಲಿ ಮತಿಗಳ ಕೂಟವಿದೆ. ಅರಬಿ ಮೂಲದ ‘ಮಂಜೂರು’ ಎಂದರೆ ‘ನೋಡಲ್ಪಟ್ಟದ್ದು’. ಮೇಲಿನವರ ಕಣ್ಣು ಬಿದ್ದರೆ ಕೆಲಸವಾಯಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳದ ನಾಡಿಗೆ ಉರ್ದುವೇ ರಾಜಭಾಷೆ. ಆ ಲಿಪಿ ಬಾರದ ಕನ್ನಡ ರೈತನಿಗೆ ಕಚೇರಿಯ ಮಂಜೂರಾತಿ ಒಗಟಾಗಿತ್ತು.

ಕನ್ನಡದ ‘ಒಪ್ಪು’ವಿನ ಪರಿಯೇ ಬೇರೆ. ಹೊಂದುವುದು, ಶೋಭಿಸುವುದು, ಸಮ್ಮತಿಸುವುದು ಮೂರೂ ಅದರ ಅರ್ಥಗಳೇ. ಶಾಸನಗಳಲ್ಲಿ ‘ಒಪ್ಪ’ವೆಂದರೆ ರುಜು. ಗಂಗಾವತಿ ಸೀಮೆಯ ಆನೆಗೊಂದಿಯ ನೆರೆಯಲ್ಲೇ ಬೆಳೆದ ವಿಜಯನಗರದ ಅರಸರ ಅನೇಕ ಸಂಸ್ಕೃತ ತಾಮ್ರಪಟಗಳು ನಾಗರಿಯಲ್ಲಿದ್ದರೂ, ಕೊನೆಯ ‘ಶ್ರೀವಿರೂಪಾಕ್ಷ’ ಎಂಬ ಒಪ್ಪ ಮಾತ್ರ ಕನ್ನಡ ಲಿಪಿಯಲ್ಲಿದೆ.

‘ಓಕೆ’ ಎನ್ನಲು ಯಾರ ಅಡ್ಡಿಯೂ ಇಲ್ಲ. ಆದರೆ ಒಪ್ಪುವ ಮುನ್ನ, ಇದು ನನಗೆ ಒಪ್ಪುವುದೇ ಎಂದು ಕೇಳಿಕೊಳ್ಳುವ ಹಕ್ಕನ್ನು ನಮ್ಮ ಪದ ತನ್ನೊಡಲಲ್ಲಿಯೇ ಉಳಿಸಿಕೊಂಡಿದೆ.